ಫೋನ್ ಕೆಳಗಿಡಲಾಗದವರು

ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಕಂಡಕ್ಟರ್ ‘ಹೊಸಕೋಟೆ, ಹೊಸಕೋಟೆ’ ಎಂದು ಗಂಟಲು ಹರಿದುಕೊಂಡರೂ ಅರ್ಧಕ್ಕರ್ಧ ಜನ ಫೋನಿನಿಂದ ತಲೆ ಎತ್ತುವುದಿಲ್ಲ. ಬಸ್ಸು ಹೊರಟ ಮೇಲೆ ಹಿಂದೆ ಓಡುತ್ತಾರೆ.

ಈ ಬಗ್ಗಿದ ತಲೆಯ ಭಾರವನ್ನು ನ್ಯೂಯಾರ್ಕಿನ ಬೆನ್ನುಮೂಳೆ ತಜ್ಞ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದ್ದರು. ನೆಟ್ಟಗಿದ್ದಾಗ ಐದು ಕೆ.ಜಿ. ಆಸುಪಾಸಿನ ತಲೆ 60 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಸುಮಾರು 27 ಕೆ.ಜಿ. ಭಾರ ಬೀಳುತ್ತದಂತೆ. ಅಂದರೆ ಒಂದು ಅಕ್ಕಿ ಮೂಟೆ. ಅದು ಕಂಪ್ಯೂಟರ್ ಮಾದರಿಯ ಲೆಕ್ಕ, ತಕರಾರು ಎತ್ತಿದವರೂ ಇದ್ದಾರೆ. ಕತ್ತು ಹಿಡಿದು ರಾತ್ರಿ ಮಗ್ಗುಲು ಬದಲಿಸುವವರಿಗೆ ಆ ತಕರಾರಿನಿಂದ ಆಗಬೇಕಾದ್ದೇನೂ ಇಲ್ಲ. ಪರದೆ ನೋಡುತ್ತಾ ಕೂತರೆ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಹಾಸಿಗೆಯಲ್ಲಿ ರೀಲ್ಸ್ ನೋಡಿದಷ್ಟೂ ನಿದ್ದೆ ದೂರ ಹೋಗುತ್ತದೆ. ಮನಸ್ಸಿನ ಪಾಡು ನೋಡಿಯೇ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಕ್ಲಿನಿಕ್ ಶುರು ಮಾಡಿತು. ತಂತ್ರಜ್ಞಾನದ ಗೀಳಿಗೆಂದೇ ದೇಶದಲ್ಲಿ ತೆರೆದ ಮೊದಲ ಕ್ಲಿನಿಕ್ ಅದು.

ಇಷ್ಟೆಲ್ಲ ಹೇಳಿ ಕೊನೆಗೆ ಕೊಡುವ ಬುದ್ಧಿಮಾತು ಮಾತ್ರ ಒಂದೇ: ಸ್ವಲ್ಪ ಹೊತ್ತು ಫೋನ್ ಕೆಳಗಿಡಿ. ಇಟ್ಟರೂ ಸಂಬಳಕ್ಕೆ ಕುತ್ತು ಬರದವರ ಮಾತು ಇದು.

ಇಲ್ಲೇ ಮೆಟ್ರೊ ಕಂಬದ ಪಕ್ಕ ಬೈಕ್ ನಿಲ್ಲಿಸಿಕೊಂಡ ಡೆಲಿವರಿ ಹುಡುಗನನ್ನು ನೋಡಿ. ಹ್ಯಾಂಡಲ್ಲಿಗೆ ಸಿಕ್ಕಿಸಿದ ಫೋನಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿದೆ, ಮೇಲೆ ಸೆಲ್ಲೋಟೇಪ್. ಜೇಬಿನ ಪವರ್ ಬ್ಯಾಂಕಿನಿಂದ ವೈರು ಎಳೆದಿದ್ದಾನೆ. ಬಲಗೈ ಹೆಬ್ಬೆರಳ ಬುಡವನ್ನು ಎಡಗೈಯಿಂದ ನೀವುತ್ತಲೇ ಇದ್ದಾನೆ. ಒಂದಷ್ಟು ಹೊತ್ತು ಆಫ್ ಮಾಡಬಾರದೇನಪ್ಪಾ ಎಂದರೆ, ‘ಲಾಗಿನ್ ಅವರ್ಸ್ ಕಮ್ಮಿ ಆದ್ರೆ ಇನ್ಸೆಂಟಿವ್ ಹೋಯ್ತು ಸಾರ್’ ಎಂದ. ಮುಂದೇನೋ ಹೇಳುತ್ತಿದ್ದವನು ಆರ್ಡರ್ ಸದ್ದಾದದ್ದೇ ತಡ, ಗಾಡಿ ತಿರುಗಿಸಿದ. ಕ್ಯಾಬ್ ಓಡಿಸುವವರ ಕತೆಯೂ ಇಷ್ಟೇ. ಇವರಿಗೆ ಫೋನ್ ಚಟವಲ್ಲ, ಹಾಜರಿ ಪುಸ್ತಕ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಅದರ ಮುಂದಿರುವವರು ಇವರೇ ಆದರೂ, ಮೊಬೈಲ್ ಗೀಳಿನ ಭಾಷಣಗಳಲ್ಲಿ ಇವರ ಹೆಸರು ಬರುವುದಿಲ್ಲ. ಅಲ್ಲೆಲ್ಲ ಶಾಲೆ ಮಕ್ಕಳೇ ಆರೋಪಿಗಳು!

2025ರಲ್ಲಿ ರಾಜ್ಯ ಸರ್ಕಾರ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ. ಕಲ್ಯಾಣ ಮಂಡಳಿ, ಕಂಪನಿಗಳಿಂದ ಕಲ್ಯಾಣ ಶುಲ್ಕ ಎಲ್ಲವೂ ಅದರಲ್ಲಿವೆ. ಒಳ್ಳೆಯ ಕೆಲಸ. ಅಪಘಾತವಾದಾಗ ನೆರವು ಎನ್ನುವಲ್ಲಿಗೆ ಅದು ನಿಲ್ಲಬಾರದು. ವರ್ಷಕ್ಕೊಮ್ಮೆ ಕತ್ತು, ಕಣ್ಣು, ಮಣಿಕಟ್ಟಿನ ತಪಾಸಣೆ ಆಗಬೇಕು. ಲಾಗಿನ್ ಕಡಿಯದೆ ವಿರಾಮ ಸಿಗಬೇಕು. ದುಡಿದು ಹತ್ತು ವರ್ಷದ ಮೇಲೆ ಬರುವ ನೋವಿಗೆ ಯಾವ ಆ್ಯಪೂ ಹೊಣೆ ಹೊರುವುದಿಲ್ಲ.

ಅಲ್ಲಿಯವರೆಗೆ ನಮ್ಮ ಕೈಲಾಗುವುದೂ ಇದೆ. ಟಿನ್ ಫ್ಯಾಕ್ಟರಿಯ ಟ್ರಾಫಿಕ್‌ನಲ್ಲಿ ಊಟ ಹತ್ತು ನಿಮಿಷ ತಡವಾದರೆ, ‘ಎಲ್ಲಿದ್ದೀಯಾ’ ಎಂದು ಗಾಡಿ ಓಡಿಸುತ್ತಿರುವವನಿಗೆ ಕಾಲ್ ಮಾಡಬೇಡಿ.