ಉಣ್ಣುವುದನ್ನು ಮೈಗೆ ಹಚ್ಚುವುದು

ತಿನ್ನುವ ವಸ್ತುವನ್ನು ಮೈಗೆ ಉಜ್ಜಿ ಬಚ್ಚಲಿಗೆ ಬಿಡುವುದು ತಪ್ಪೇ? ಮನೆಯಲ್ಲೇ ಬಾಡಿ ಸ್ಕ್ರಬ್ ಮಾಡಿಕೊಳ್ಳುವವರು ಹೆಚ್ಚುತ್ತಿರುವ ಈ ದಿನಗಳಲ್ಲಿ ಇದು ಕೇಳಬೇಕಾದ ಪ್ರಶ್ನೆ. ಮಾಡುವ ವಿಧಾನ ಸುಲಭ: ಎರಡು ಚಮಚ ಸಕ್ಕರೆ, ಒಂದು ಚಮಚ ಕೊಬ್ಬರಿ ಎಣ್ಣೆ. ಒದ್ದೆ ಮೈಗೆ ಮೆಲ್ಲಗೆ ಉಜ್ಜಿ ತೊಳೆದರೆ ಸತ್ತ ಚರ್ಮ ಹೋಗುತ್ತದೆ. ಉಳಿದ ಎಣ್ಣೆಯ ತೆಳು ಪದರ ಚರ್ಮದೊಳಗಿನ ತೇವ ಆರದಂತೆ ತಡೆಯುತ್ತದೆ. ಉಪ್ಪಿನಲ್ಲೂ ಮಾಡಬಹುದು, ಆದರೆ ಒಡೆದ ಚರ್ಮಕ್ಕೆ ಅದು ಉರಿ.

ಹಿರೇಗುಂಟನೂರಿನ ನಮ್ಮ ಮನೆಯಲ್ಲಿ ಇದನ್ನು ಮಾಡಿಕೊಳ್ಳುವವರು ಚಿಕ್ಕಮ್ಮ. ಸೀಜನ್ನಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಅಡಿಕೆಯ ಕರೆ ಹಿಡಿದ ಬೆರಳು, ಚಳಿಗಾಲದ ಒಣಗಾಳಿಗೆ ಬಿರಿದ ಹಿಮ್ಮಡಿ. ಮಗಳಿಂದ ಕಲಿತು ಒಂದು ಸಣ್ಣ ಡಬ್ಬಿಯಲ್ಲಿ ಕಲಸಿಟ್ಟುಕೊಂಡಿದ್ದಾರೆ. ಅದನ್ನು ಕಂಡಾಗಲೆಲ್ಲ ಅಜ್ಜಿಯದು ಒಂದೇ ಮಾತು: ‘ಉಣ್ಣೋದನ್ನ ಬಚ್ಚಲಿಗೆ ಹಾಕ್ತೀಯಲ್ಲೇ!’

ಈ ಮಾತನ್ನು ಹಳೆಯ ಕಾಲದವರ ಜಿಪುಣತನ ಎಂದು ತಳ್ಳಿಹಾಕುವಂತಿಲ್ಲ. ನಮ್ಮದು ಮಳೆ ನೆಚ್ಚಲಾಗದ ಸೀಮೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಇಂಥ ನೆಲದಲ್ಲಿ ಬೆಳೆದವರಿಗೆ ಸಕ್ಕರೆ, ಎಣ್ಣೆ, ನೀರು ಮೂರೂ ಲೆಕ್ಕದ ವಸ್ತುಗಳು. ಪೋಲು ಮಾಡಬಾರದು ಎಂಬುದು ಅವರಿಗೆ ಬುದ್ಧಿಮಾತಲ್ಲ, ಬದುಕಿ ಉಳಿದ ದಾರಿ.

ಆದರೆ ಅದೇ ಅಜ್ಜಿ ಕೂಸಿನ ಮೈಗೆ ಕಡಲೆಹಿಟ್ಟು ಹಚ್ಚಿದವರು. ನೀರು ತುಂಬುವ ಹಬ್ಬದ ಮರುದಿನ ಮನೆಯವರೆಲ್ಲರ ನೆತ್ತಿಗೆ ಎಣ್ಣೆ ಬಡಿದು, ಹಂಡೆಗಟ್ಟಲೆ ಬಿಸಿನೀರು ಹೊಯ್ದವರು. ಮದುವೆಯಲ್ಲಿ ಬಟ್ಟಲುಗಟ್ಟಲೆ ಅರಿಶಿನ ಮೈಗೆ ಹತ್ತುತ್ತದೆ, ಯಾರೂ ಸಾರಿನ ಲೆಕ್ಕ ಹಾಕುವುದಿಲ್ಲ. ಅಂಗಡಿಯ ಸೋಪನ್ನೇ ನೋಡಿ. ಅದೂ ಎಣ್ಣೆಯಿಂದಲೇ ಆದದ್ದು, ಹಲವು ಸೋಪುಗಳಲ್ಲಿ ತಿನ್ನಬಹುದಾದ ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಯೇ ಇರುತ್ತವೆ. ಕಾಗದ ಸುತ್ತಿಕೊಂಡು ಬಂದ ಎಣ್ಣೆ ಮಾತ್ರ ನಮ್ಮ ಕಣ್ಣಿಗೆ ಎಣ್ಣೆಯಾಗಿ ಕಾಣುವುದಿಲ್ಲ. ಪೇಟೆಯ ಸ್ಕ್ರಬ್‌ಗಳಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳೂ ಇರುತ್ತಿದ್ದವು. ಅವು ನೀರಿಗೆ ಸೇರುತ್ತವೆಂದು ಅಮೆರಿಕ 2015ರಲ್ಲಿ ಕಾನೂನು ಮಾಡಿ ಅವನ್ನು ನಿಷೇಧಿಸಿತು. ಚಿಕ್ಕಮ್ಮನ ಸಕ್ಕರೆಯಾದರೋ ನೀರಿನಲ್ಲಿ ಕರಗಿ ಹಿತ್ತಲಿನ ಬಾಳೆಯ ಬುಡಕ್ಕೆ ಹೋಗುತ್ತದೆ.

ಹಾಗಾದರೆ ಅಡ್ಡಿ ಇರುವುದು ಸಕ್ಕರೆಯಲ್ಲಲ್ಲ. ಕೂಸು, ಬಾಣಂತಿ, ಮದುವಣಗಿತ್ತಿ, ಹಬ್ಬದ ದಿನದ ಗಂಡಸರು, ಇವರೆಲ್ಲರ ಮೈಗೆ ಉಣ್ಣುವ ವಸ್ತು ಹಚ್ಚುವಾಗ ಎರಡು ಸಂಗತಿ ಇರುತ್ತವೆ: ಒಂದು ನೆಪ, ಇನ್ನೊಬ್ಬರ ಕೈ. ಚಿಕ್ಕಮ್ಮನ ಡಬ್ಬಿಗೆ ಇವೆರಡೂ ಇಲ್ಲ. ಹಬ್ಬವಲ್ಲದ ಒಂದು ಮಂಗಳವಾರ, ಬಾಗಿಲು ಹಾಕಿಕೊಂಡು, ಐವತ್ತು ದಾಟಿದ ಹೆಂಗಸೊಬ್ಬಳು ತನ್ನ ಕೈಯಿಂದ ತನ್ನ ಮೈಯನ್ನು ನೋಡಿಕೊಳ್ಳುತ್ತಾಳೆ. ಮನೆಯವರಿಗೆಲ್ಲ ಉಜ್ಜುವ ಕೈ ತನ್ನ ಹಿಮ್ಮಡಿಗೆ ತಿರುಗಿದಾಗ ಅದಕ್ಕೆ ‘ಪೋಲು’ ಎಂಬ ಹೆಸರು ಬರುತ್ತದೆ. ಅಜ್ಜಿಗೂ ಇಂಥ ಮಂಗಳವಾರ ಯಾರೂ ಕೊಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು. ತಾನು ಪಡೆಯದ ಅನುಮತಿಯನ್ನು ಇನ್ನೊಬ್ಬರಿಗೆ ಕೊಡುವುದು ಕಷ್ಟ.

ಇಲ್ಲಿ ಒಂದು ಸುಲಭದ ಸಮರ್ಥನೆ ನಾಲಿಗೆಯ ತುದಿಗೆ ಬರುತ್ತದೆ: ದುಡಿಯುವ ಮೈ, ಅದಕ್ಕೆ ಎರಡು ಚಮಚ ಸಕ್ಕರೆಯ ಹಕ್ಕಿದೆ. ನನಗೆ ಈ ಮಾತು ಸಾಲದು ಅನ್ನಿಸುತ್ತದೆ. ಆರೈಕೆಯನ್ನು ಕೂಲಿಯಂತೆ ಗಳಿಸಬೇಕು ಎಂದಾದರೆ ದುಡಿಯಲಾಗದವರ ಮೈಗೆ ಏನು ಉಳಿಯಿತು? ಕಾಯಿಲೆಯವರು, ಮುಪ್ಪಿನವರು, ಸ್ವತಃ ಅಜ್ಜಿ? ಕಾಯಕವನ್ನು ಎತ್ತಿ ಹಿಡಿದ ನಾಡು ನಮ್ಮದು. ಆದರೆ ಆ ಪದದೊಳಗೆ ಮೊದಲು ಇರುವುದು ಕಾಯ. ಮೈ ದುಡಿಮೆಗಿಂತ ಮೊದಲೇ ಇದೆ, ಅದರ ನೋವೂ ಮೊದಲೇ ಇದೆ.

ಹಾಗೆಂದು ಎಲ್ಲ ಡಬ್ಬಿಗಳೂ ಒಂದೇ ಅಲ್ಲ. ಕೇಸರಿ, ಬಾದಾಮಿ, ಜೇನು ಕಲಸಿ ಫೋಟೋಗೆಂದು ಸುರಿಯುವುದಕ್ಕೂ ಒಡೆದ ಹಿಮ್ಮಡಿಗೆ ಎಣ್ಣೆ ಸವರುವುದಕ್ಕೂ ಅಂತರವಿದೆ. ನೀರಿನ ಟ್ಯಾಂಕರ್ ಕಾಯುವ ಬೇಸಿಗೆಯಲ್ಲಿ ಅಳತೆ ಬೇಕೇ ಬೇಕು. ಆದರೆ ಆ ಅಳತೆ ಎಲ್ಲರಿಗೂ ಒಂದೇ ಇರಲಿ. ಮನೆಯ ಗಂಡಸು ದಿನಕ್ಕೆ ನಾಲ್ಕು ಸಲ ಚಹಾಕ್ಕೆ ಹಾಕಿಕೊಳ್ಳುವ ಸಕ್ಕರೆಯನ್ನು ಯಾರೂ ಎಣಿಸುವುದಿಲ್ಲ. ವಾರಕ್ಕೊಮ್ಮೆಯ ಎರಡು ಚಮಚವನ್ನು ಎಣಿಸುವವರು, ಹಿಮ್ಮಡಿಯ ಬಿರುಕುಗಳನ್ನೂ ಒಮ್ಮೆ ಎಣಿಸಲಿ.