ಬೆಳಕಿನ ಬಲೆಗೆ ಸಿಕ್ಕಿದ್ದು ಪರಮಾಣುವೇ?

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಸತ್ಯದ ದಿನದಂದೇ, ಚಿಕ್ಕೋಡಿ ಕಡೆಯ ಬಸದಿಯೊಂದರ ಸ್ವಾಧ್ಯಾಯದಲ್ಲಿ ನಾನು ಉತ್ಸಾಹದಿಂದ ಒಂದು ಮಾತನ್ನಾಡಿದೆ: ನಮ್ಮ ಆಚಾರ್ಯರು ನಿರೂಪಿಸಿದ ಪರಮಾಣುವನ್ನು ವಿಜ್ಞಾನಿಗಳು ಈಗ ಲೇಸರ್ ಬೆಳಕಿನಿಂದ ಒಂದೊಂದಾಗಿ ಹಿಡಿದಿದ್ದಾರೆ. ಸಭೆ ತಲೆದೂಗಿತು. ನಿಪ್ಪಾಣಿಯಲ್ಲಿ ಓದುವ ಹುಡುಗಿಯೊಬ್ಬಳು ಮಾತ್ರ, "ಕಾಕಾ, ಅದರಾಗ ಎಲೆಕ್ಟ್ರಾನ್ ಅದಾವಲ್ರೀ, ಮತ್ತ ಅದು ಅವಿಭಾಜ್ಯ ಹ್ಯಾಂಗ?" ಎಂದಳು. ನಾನು ನಿರುತ್ತರನಾದೆ.

ಹಿಡಿದಿರುವುದೇನೋ ದಿಟ. ಪ್ರತಿಯೊಂದು ಜಾತಿಯ ಅಣುವೂ ತನಗೆ ಒಪ್ಪುವ ಬಣ್ಣಗಳ ಬೆಳಕನ್ನಷ್ಟೇ ಹೀರುತ್ತದೆ. ಅಂಥ ಬಣ್ಣಕ್ಕಿಂತ ತುಸು ಕಡಿಮೆ ಕಂಪನದ ಲೇಸರನ್ನು ಆರು ದಿಕ್ಕುಗಳಿಂದ ಹಾಯಿಸಿದರೆ, ಅದು ಎತ್ತ ಓಡಿದರೂ ಎದುರಿನ ಬೆಳಕು ತಡೆಯುತ್ತದೆ. ಓಟ ಕುಂದಿದಂತೆ ತಣ್ಣಗಾಗುತ್ತದೆ. ಈ ವಿಧಾನಕ್ಕಾಗಿ ಚು, ಕೋಹೆನ್-ತನ್ನೂಜಿ, ಫಿಲಿಪ್ಸ್ ಎಂಬ ಮೂವರಿಗೆ 1997ರಲ್ಲಿ ನೊಬೆಲ್ ಸಂದಿತು. ಬಳಿಕ ಸುಮಾರು ಒಂದು ಮೈಕ್ರಾನಿನಷ್ಟು ಕಿರಿದುಗೊಳಿಸಿದ ಕಿರಣದಲ್ಲಿ ಅದನ್ನು ನಿಲ್ಲಿಸುತ್ತಾರೆ. ಅಲ್ಲಿ ಎರಡು ಸೇರಿದರೆ ಸಾಮಾನ್ಯವಾಗಿ ಪರಸ್ಪರ ತಾಗಿ ಎರಡೂ ಹೊರಬೀಳುತ್ತವೆ, ಉಳಿದರೆ ಒಂದೇ. 2022ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ರುಬಿಡಿಯಂ ಮತ್ತು ಸೀಸಿಯಂ ಎಂಬ ಎರಡು ಜಾತಿಗಳನ್ನು 512 ನೆಲೆಗಳ ಜಾಲದಲ್ಲಿ ಹೀಗೆ ಇರಿಸಿದರು. ಒಂದರ ಬೆಳಕು 780 ನ್ಯಾನೊಮೀಟರ್, ಇನ್ನೊಂದರದು 852. ಆದ್ದರಿಂದ ಒಂದನ್ನು ನೋಡುವಾಗ ನೆರೆಯದು ಕದಡುವುದಿಲ್ಲ. (ನೋಡುವುದರಿಂದಲೂ ನೋವಾಗಬಾರದೆಂಬ ಈ ಎಚ್ಚರ ನನಗೆ ಬಹಳ ಹಿಡಿಸಿತು.) ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಸೋಡಿಯಂ, ಪೊಟ್ಯಾಸಿಯಂಗಳ ಶೀತಲ ಮಿಶ್ರಣದ ಮೇಲೆ ಪ್ರಯೋಗಗಳು ನಡೆದಿವೆ.

ಆದರೆ 'ಜಾತಿ' ಎಂಬ ಮಾತೇ ನನ್ನನ್ನು ತಡೆಯಿತು. ನಮ್ಮ ಆಗಮದ ಪರಮಾಣುವಿಗೆ ಒಂದು ವರ್ಣ, ಒಂದು ಗಂಧ, ಒಂದು ರಸ, ಎರಡು ಸ್ಪರ್ಶ. ಮಣ್ಣಿನದು ಬೇರೆ, ನೀರಿನದು ಬೇರೆ ಎಂಬ ಶಾಶ್ವತ ಭೇದ ಅದಕ್ಕಿಲ್ಲ. ವೈಶೇಷಿಕರೊಡನೆ ನಮ್ಮವರ ವಾದವಿದ್ದುದೇ ಇಲ್ಲಿ. ಮೇಲಾಗಿ ಅದು ಇಂದ್ರಿಯಗೋಚರವಲ್ಲ. ಕ್ಯಾಮರಾ ಕೂಡ ಒಂದು ಕಣ್ಣೇ ತಾನೆ? 37 ಎಲೆಕ್ಟ್ರಾನುಗಳ ರುಬಿಡಿಯಂ, 55ರ ಸೀಸಿಯಂ ನಮ್ಮ ಪರಿಭಾಷೆಯಲ್ಲಿ ಸ್ಕಂಧಗಳು.

ಯುವಕರ ಶ್ರದ್ಧೆ ದೃಢವಾಗಲೆಂದು ಹಾಗೆ ಹೇಳಿದೆ ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಪ್ರಮಾದದಿಂದ ಇಲ್ಲದ್ದನ್ನು ಇದೆ ಎನ್ನುವುದು ಅಸತ್ಯವೆಂದು ನಾನೇ ಅನೇಕ ಸಲ ಪಾಠ ಹೇಳಿದವನು. ಚಪ್ಪಾಳೆಯ ಆಸೆಯೂ ಪ್ರಮಾದವೇ.

ಅನಂತ ಚತುರ್ದಶಿಯಂದು ಅದೇ ಸಭೆಯಲ್ಲಿ ನನ್ನ ಮಾತನ್ನು ಹಿಂತೆಗೆದುಕೊಂಡೆ. ಹಿರಿಯರೊಬ್ಬರು ಮುಖ ಸಿಂಡರಿಸಿದರು. ಹುಡುಗಿ ಮತ್ತೆ ಕೈಯೆತ್ತಿದಳು: "ಹಂಗಾದ್ರ ಸಾಲಿ ಪುಸ್ತಕದಾಗ ಅದಕ್ಕ ಪರಮಾಣು ಅಂತ ಯಾಕ ಬರದಾರ್ರೀ?"