ಬರೆಯದೆ ಬಿಟ್ಟ ಪದ

1787ರ ಬೇಸಿಗೆ. ಫಿಲಡೆಲ್ಫಿಯಾದ ಸ್ಟೇಟ್ ಹೌಸಿನ ಬಾಗಿಲಿಗೆ ಕಾವಲು ಹಾಕಿ, ಒಳಗಿನ ಮಾತು ಹೊರಗೆ ಹೋಗಬಾರದೆಂದು ಕಟ್ಟು ಮಾಡಿಕೊಂಡು, ಹನ್ನೆರಡು ರಾಜ್ಯಗಳ ಪ್ರತಿನಿಧಿಗಳು ಸುಮಾರು ನಾಲ್ಕು ತಿಂಗಳು ಕೂತು ಅಮೆರಿಕದ ಸಂವಿಧಾನ ಬರೆದರು. ಬಂದವರು 55 ಮಂದಿ. ಸಹಿ ಹಾಕಿದವರು 39. ಮನುಷ್ಯನ ಒಳ್ಳೆಯತನವೊಂದನ್ನೇ ನೆಚ್ಚಿ ಕೂರಬಾರದು, ಒಂದು ಅಧಿಕಾರಕ್ಕೆ ಇನ್ನೊಂದು ಅಧಿಕಾರವೇ ಕಡಿವಾಣವಾಗಬೇಕು ಎಂದು ಜೇಮ್ಸ್ ಮ್ಯಾಡಿಸನ್ ಕಂಡುಕೊಂಡದ್ದು ಇಂದಿಗೂ ಹಳತಾಗಿಲ್ಲ.

ಆದರೆ ಅವರು ಬರೆದ ಆ ಹಾಳೆಗಳಲ್ಲಿ ಎಷ್ಟು ಹುಡುಕಿದರೂ ಸಿಗದ ಒಂದು ಪದವಿದೆ: ಗುಲಾಮ.

ವಿಷಯವೇನೋ ಇದೆ. ಜನಸಂಖ್ಯೆಯ ಲೆಕ್ಕದಲ್ಲಿ ಐವರನ್ನು ಮೂವರೆಂದು ಎಣಿಸುವಲ್ಲಿ ಅವರು ‘ಇತರ ವ್ಯಕ್ತಿಗಳು’. ಹಡಗಿನಲ್ಲಿ ತಂದು ಮಾರುವುದನ್ನು 1808ರವರೆಗೆ ಕಾಂಗ್ರೆಸ್ ತಡೆಯುವಂತಿಲ್ಲ ಎನ್ನುವಲ್ಲಿ, ರಾಜ್ಯಗಳು ಒಳಗೆ ಬಿಟ್ಟುಕೊಳ್ಳುವ ‘ಅಂತಹ ವ್ಯಕ್ತಿಗಳು’. ತಪ್ಪಿಸಿಕೊಂಡು ಓಡಿದವನನ್ನು ಒಡೆಯನಿಗೆ ಒಪ್ಪಿಸಬೇಕು ಎನ್ನುವಲ್ಲಿ, ‘ಸೇವೆಗೆ ಬದ್ಧನಾದ ವ್ಯಕ್ತಿ’.

ಇದು ಮರೆವಿನಿಂದ ಆದದ್ದಲ್ಲ. ಮನುಷ್ಯರು ಆಸ್ತಿಯಾಗಬಹುದೆಂಬ ಭಾವನೆಗೆ ಸಂವಿಧಾನದಲ್ಲಿ ಜಾಗ ಕೊಡುವುದು ತಪ್ಪೆಂದು ಆಗಸ್ಟ್ 25ರಂದು ಮ್ಯಾಡಿಸನ್ನರೇ ಸಭೆಯಲ್ಲಿ ಹೇಳಿದರು. ಅವರ ಮನೆತನದ ತೋಟದಲ್ಲಿ ದುಡಿಯುತ್ತಿದ್ದವರು ಗುಲಾಮರೇ. ಮೂರು ದಿನ ಮೊದಲು ವರ್ಜೀನಿಯಾದ ಜಾರ್ಜ್ ಮೇಸನ್ ಇನ್ನೂ ಕಟುವಾಗಿ ಮಾತಾಡಿದ್ದರು: ಗುಲಾಮರನ್ನು ಇಟ್ಟುಕೊಂಡವನು ಹುಟ್ಟಿನಿಂದಲೇ ಸಣ್ಣ ಸರ್ವಾಧಿಕಾರಿ, ದೇಶಗಳಿಗೆ ಪರಲೋಕದಲ್ಲಿ ಶಿಕ್ಷೆಯಾಗುವಂತಿಲ್ಲವಾದ್ದರಿಂದ ಅವು ತಮ್ಮ ಪಾಪವನ್ನು ಇಲ್ಲೇ ಉಣ್ಣಬೇಕು. ಮೇಸನ್ ಸಂವಿಧಾನಕ್ಕೆ ಸಹಿ ಹಾಕಲಿಲ್ಲ. ತಮ್ಮ ಗುಲಾಮರನ್ನು ಬಿಡುಗಡೆ ಮಾಡಲೂ ಇಲ್ಲ.

ಇವರ ನಾಚಿಕೆ ನಟನೆಯಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ತಪ್ಪೆಂದು ತಿಳಿಯದವನಿಗೆ ಪದವನ್ನು ಮುಚ್ಚಿಡುವ ಅಗತ್ಯವೇ ಬೀಳುವುದಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸುತ್ತದೆ. ನಾಚಿಕೆ ನಾಲಗೆಯವರೆಗೆ ಬಂದು ನಿಂತಿತು, ಕೈಗೆ ಇಳಿಯಲಿಲ್ಲ. ದಕ್ಷಿಣ ಕೆರೊಲಿನಾ, ಜಾರ್ಜಿಯಾದವರು ಒಕ್ಕೂಟಕ್ಕೆ ಸೇರುವುದಿಲ್ಲವೆಂದು ಪಟ್ಟು ಹಿಡಿದಾಗ ಉಳಿದವರು ತಗ್ಗಿದರು. ಒಡೆದುಹೋಗುವ ಭಯ ಸಣ್ಣದೇನಲ್ಲ, ಒಪ್ಪುತ್ತೇನೆ. ಆದರೆ ಆ ರಾಜಿಗೆ ಬೆಲೆ ತೆತ್ತವರಲ್ಲಿ ಒಬ್ಬರಿಗೂ ಆ ಕೋಣೆಯಲ್ಲಿ ಕುರ್ಚಿ ಇರಲಿಲ್ಲ.

ಸೆಪ್ಟೆಂಬರ್ 17ರಂದು, ಕೊನೆಯ ದಿನ, 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಬರೆದು ತಂದ ಭಾಷಣವನ್ನು ಜೇಮ್ಸ್ ವಿಲ್ಸನ್ ಓದಿದರು. ತಾನು ತಪ್ಪುವುದೇ ಇಲ್ಲವೆಂಬ ನಂಬಿಕೆಯನ್ನು ಪ್ರತಿಯೊಬ್ಬರೂ ಕೊಂಚ ಅನುಮಾನಿಸಲಿ ಎಂಬುದು ಅದರ ಕೋರಿಕೆ. ಸಂವಿಧಾನವನ್ನು ತಿದ್ದಲು ದಾರಿ ಮಾಡಿಕೊಟ್ಟ 5ನೆಯ ವಿಧಿಯಲ್ಲೂ ಇದೇ ವಿನಯವಿದೆ. ಆದರೆ ಗುಲಾಮರ ಸಾಗಣೆಯ ಮಾತನ್ನು 1808ರವರೆಗೆ ತಿದ್ದಕೂಡದೆಂದು ಅದೇ ವಿಧಿ ಬೀಗ ಜಡಿಯಿತು.

ಫ್ರಾಂಕ್ಲಿನ್ ಕೂಡ ಒಂದು ಕಾಲಕ್ಕೆ ಗುಲಾಮರನ್ನು ಇಟ್ಟುಕೊಂಡಿದ್ದವರು. ಆದರೆ ತಮ್ಮನ್ನೇ ಅನುಮಾನಿಸುವ ಆ ಮಾತನ್ನು ಅವರು ತಮಗೂ ಅನ್ವಯಿಸಿಕೊಂಡರು. ಗುಲಾಮಗಿರಿಯ ವಿರುದ್ಧ ಕ್ರಮ ಕೈಗೊಳ್ಳಿರೆಂದು 1790ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿಗೆ ಹೋದ ಮನವಿಯಲ್ಲಿ ಅವರ ಸಹಿಯಿತ್ತು. ಏಪ್ರಿಲ್‌ನಲ್ಲಿ ತೀರಿಕೊಂಡರು. ಮನವಿ ಫಲಿಸಲಿಲ್ಲ.

‘ಗುಲಾಮಗಿರಿ’ ಎಂಬ ಪದ ಅಮೆರಿಕದ ಸಂವಿಧಾನದೊಳಗೆ ಮೊದಲ ಸಲ ಬಂದದ್ದು 1865ರಲ್ಲಿ, ಅದನ್ನು ರದ್ದು ಮಾಡಿದ 13ನೆಯ ತಿದ್ದುಪಡಿಯಲ್ಲಿ. ಅಷ್ಟರೊಳಗೆ ನಾಲ್ಕು ವರ್ಷದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು.